ಎರಡು ನಿಮಿಷ ನಲವತ್ತು ಸೆಕೆಂಡಿನ ಬೆಳಕು

ಮಾರ್ಚ್ 3, ಸೋಮವಾರ

ಇವತ್ತು ಅವನು ನನ್ನ ನೀರನ್ನು ತೆಗೆದ.

ಬೆಳಿಗ್ಗೆ ಹತ್ತಕ್ಕೆ ಸಭೆ. ಪರದೆಯ ಮೇಲೆ ಕೆಂಪು ಗೆರೆ, ಹಸಿರು ಗೆರೆ ಹಾಕಿಕೊಂಡು ನಿಂತಿದ್ದ. ಜನರ ಮನೆಯಲ್ಲಿರುವ ಗೇಮ್ ಮಷೀನು ಸೆಕೆಂಡಿಗೆ ಮೂವತ್ತು ಚಿತ್ರ ಬಿಡಿಸಿದರೆ ಮಾತ್ರ ಆಟ ತಡವರಿಸದೆ ಓಡುತ್ತದೆ. ನಮ್ಮ ಆಟದ ಬಂದರಿನ ಬೀದಿಗೆ ಬಂದ ಕೂಡಲೇ ಅದು ಹನ್ನೊಂದಕ್ಕೆ ಇಳಿಯುತ್ತದಂತೆ.

"ನೆಲದ ಮೇಲಿನ ನೀರಲ್ಲಿ ದೀಪಗಳು ಕಾಣ್ತವಲ್ಲ, ಆ ಪ್ರತಿಬಿಂಬ ತೆಗೆದ್ರೆ ಹದಿನೇಳಕ್ಕೆ ಬರುತ್ತೆ ಮೇಡಂ," ಎಂದ. ಕೋಣೆಯಲ್ಲಿ ಹದಿನೈದು ಜನ ಇದ್ದರು. ನನ್ನನ್ನೇ ನೋಡಿ ಹೇಳಿದ.

"ತೆಗೆದ್ರೆ ಅದು ಬರೀ ಡಾಂಬರು ರಸ್ತೆ ಆಗುತ್ತೆ," ಎಂದೆ.

"ಒದ್ದೆ ಡಾಂಬರು," ಎಂದ. ಒಂದಿಬ್ಬರು ನಕ್ಕರು. ನಗಲಿ.

ಆ ಬೀದಿಯ ಬೆಳಕು, ನೀರು, ನೆರಳು ಎಲ್ಲ ನನ್ನ ಕೈಯವು. ಒಂದೂವರೆ ವರ್ಷದ ಹಿಂದೆ ಆಟವನ್ನು ಮೊದಲ ಸಲ ಜನರಿಗೆ ತೋರಿಸಿದ್ದು ಆ ಬೀದಿಯಿಂದಲೇ. ಎರಡು ನಿಮಿಷ ನಲವತ್ತು ಸೆಕೆಂಡಿನ ವಿಡಿಯೋ. ಇಳಿಬಿಸಿಲು ಹಾಯಿಬಟ್ಟೆಗಳಲ್ಲಿ ಸೋಸಿಕೊಂಡು ಒದ್ದೆ ಕಲ್ಲುಗಳ ಮೇಲೆ ಬೀಳುವಾಗ ಸಭಾಂಗಣದಲ್ಲಿ ಜನ ಎದ್ದು ನಿಂತಿದ್ದರು. ಕಂಪನಿಯ ನಿರ್ದೇಶಕರು ವೇದಿಕೆಯಿಂದ, ಇದು ನಿಮ್ಮ ಮನೆಯ ಮಷೀನಿನಲ್ಲೇ ಓಡುತ್ತಿರುವುದು ಎಂದಾಗ ಎದ್ದ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಅರವತ್ತು ಲಕ್ಷ ಜನ ನೋಡಿದ್ದಾರೆ. ಈಗ ಏಪ್ರಿಲ್ 22ಕ್ಕೆ ಬಿಡುಗಡೆ. ಇವನು ಬಂದು ಒರೆಸುತ್ತಿದ್ದಾನೆ.

ಕಂಪನಿಗೆ ಸೇರಿ ಎಂಟು ತಿಂಗಳಾಗಿದೆ ಅಷ್ಟೆ. ಹುದ್ದೆಯ ಹೆಸರು ಮಾರುದ್ದ. ಮಾಡುವುದು ಒಂದೇ, ಕತ್ತರಿಸುವುದು. ಇವತ್ತಿನಿಂದ ನನ್ನ ಬಾಯಲ್ಲಿ ಇವನು ಕತ್ತರಿ.

ಮಾರ್ಚ್ 5, ಬುಧವಾರ

ನೆರಳು ಹೋಯಿತು. ಹದಿನೇಳು ಇದ್ದದ್ದು ಇಪ್ಪತ್ತೆರಡಾಯಿತು ಎಂದು ಕತ್ತರಿ ಎಲ್ಲರಿಗೂ ಸಂದೇಶ ಕಳಿಸಿದ್ದಾನೆ. ಕೊನೆಯಲ್ಲಿ ಒಂದು ನಗುಮುಖ ಬೇರೆ.

ಮಾರ್ಚ್ 11, ಮಂಗಳವಾರ

ಹಾಯಿಬಟ್ಟೆಗಳು ಅಲುಗಾಡುವುದು ನಿಂತಿದೆ. ಕೇಳಿದರೆ, "ಗಾಳಿ ದುಬಾರಿ ಮೇಡಂ," ಎನ್ನುತ್ತಾನೆ. ಮಾತಾಡುವಾಗ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತಾನೆ. ಒರೆಸಿದಷ್ಟೂ ಕೊಳಕಾಗುತ್ತದೆ, ಮತ್ತೆ ಒರೆಸುತ್ತಾನೆ. ಇಂಥವನ ಕಣ್ಣಿಗೆ ನನ್ನ ಬೆಳಕು ಹೇಗೆ ಕಾಣಬೇಕು?

"ನಿಮಗೆ ಯಾವತ್ತಾದ್ರೂ ಏನಾದ್ರೂ ಚೆಂದ ಅನ್ಸಿದ್ದುಂಟಾ?" ಎಂದು ಎಲ್ಲರೆದುರು ಕೇಳಿಬಿಟ್ಟೆ.

ಸ್ವಲ್ಪ ಹೊತ್ತು ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಪುಣ್ಯಾತ್ಮ. "ನಿಮ್ಮ ವಿಡಿಯೋ ನೋಡೇ ಹಳೇ ಕೆಲಸ ಬಿಟ್ಟು ಇಲ್ಲಿಗೆ ಬಂದಿದ್ದು," ಎಂದ.

ಎಂಥ ನಯವಂಚಕ. ಬೆಣ್ಣೆ ಹಚ್ಚಿ ಕತ್ತು ಕೊಯ್ಯುವುದು ಎಂದರೆ ಇದೇ.

ಮನೆಗೆ ಬಂದು ಅಕ್ಕನ ಮುಂದೆ ಕೂಗಾಡಿದೆ. ಅವಳು ಬೆಳಗಿನ ಪಾಳಿ ಮುಗಿಸಿ ಬಕೆಟ್‌ನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ಸಿಟಿ ಬಸ್ಸು ಓಡಿಸಿ ಓಡಿಸಿ ಅವಳ ಬಲಗಾಲಿನ ಹಿಮ್ಮಡಿ ಊದಿಕೊಂಡಿರುತ್ತದೆ.

"ಕತ್ತರಿ ಕತ್ತರಿ ಅಂತ ವಾರದಿಂದ ಅದೇ ಜಪ," ಎಂದಳು. "ಅವ್ನು ತೆಗೀದಿದ್ರೆ ಅದು ಓಡುತ್ತೋ ಇಲ್ವೋ, ಅಷ್ಟು ಹೇಳು."

"ನಿನಗೆ ಅರ್ಥ ಆಗಲ್ಲ."

"ಓಡಲ್ಲ ಅನ್ನು ಮತ್ತೆ," ಎಂದು ಟವೆಲ್ಲಿಗೆ ಕೈ ಚಾಚಿದಳು. ಟವೆಲ್ಲನ್ನು ಅವಳ ಮುಖಕ್ಕೆ ಎಸೆದು ಕೋಣೆಗೆ ಬಂದೆ.

ಮಾರ್ಚ್ 19, ಬುಧವಾರ

ಬಿಡುಗಡೆಯ ಜಾಹೀರಾತುಗಳಿಗೆ ಚಿತ್ರ ಬೇಕು ಎಂದು ಪ್ರಚಾರ ವಿಭಾಗದ ಹೆಂಗಸು ಬಂದಿದ್ದಳು. ಈಗಿನ ಆಟದಿಂದ ತೆಗೆದ ನಾಲ್ಕು ಚಿತ್ರ ನೋಡಿ ಮುಖ ಸಿಂಡರಿಸಿದಳು. "ಹಳೇ ವಿಡಿಯೋದಲ್ಲಿರೋದನ್ನೇ ಹಾಕೋಣ ಬಿಡಿ," ಎಂದಳು. ನಿರ್ದೇಶಕರು ಹೂಂ ಎಂದರು. ನನಗೆ ಒಳಗೊಳಗೇ ಖುಷಿಯಾಯಿತು. ಆಡುವಾಗ ಸಿಗದಿದ್ದರೂ ಚಿತ್ರದಲ್ಲಾದರೂ ಇರಲಿ.

ಕತ್ತರಿ ಬಾಯಿ ಹಾಕಿದ. "ಈಗಿನ ಆಟ ಹಾಗಿಲ್ವಲ್ಲ ಸಾರ್. ದುಡ್ಡು ಕೊಟ್ಟು ತಗೊಂಡೋರಿಗೆ ಮೋಸ ಆಗುತ್ತೆ."

ನಿರ್ದೇಶಕರು, "ನಿಮ್ಮ ಗ್ರಾಫ್ ನೀವು ನೋಡ್ಕೊಳ್ಳಿ," ಎಂದರು.

ಮೋಸವಂತೆ! ನನ್ನ ಕೆಲಸಕ್ಕೆ ಈ ಮನುಷ್ಯ ಇಟ್ಟ ಹೆಸರು ಅದು. ಮೈಯೆಲ್ಲ ಉರಿಯಿತು. ಮಧ್ಯಾಹ್ನದ ಊಟದ ಡಬ್ಬಿ ತೆರೆಯಲೇ ಇಲ್ಲ.

ಮಾರ್ಚ್ 28, ಶುಕ್ರವಾರ

ಹಲ್ಲುನೋವೆಂದು ಅರ್ಧ ದಿನ ರಜೆ ಹಾಕಿದೆ. ಹಲ್ಲು ಚೆನ್ನಾಗಿದೆ.

ಹೊಸ ಆಟಗಳ ಬಗ್ಗೆ ವಿಡಿಯೋ ಮಾಡುವ ಒಬ್ಬನಿದ್ದಾನೆ, ಲಕ್ಷಗಟ್ಟಲೆ ಜನ ಅವನ ಮಾತು ಕೇಳುತ್ತಾರೆ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಕೂತು ಅವನಿಗೆ ಹನ್ನೆರಡು ಚಿತ್ರ ಕಳಿಸಿದೆ. ಎಡಗಡೆ ಅಂದಿನ ಬೀದಿ, ಬಲಗಡೆ ಇಂದಿನ ಬೀದಿ. ಕೆಳಗೆ ಬರೆದೆ: ಇದೆಲ್ಲ ಒಬ್ಬನ ಕೆಲಸ, ಸ್ಟುಡಿಯೋದಲ್ಲಿ ನಾವು ಅವನನ್ನು ಕತ್ತರಿ ಎನ್ನುತ್ತೇವೆ, ಯಾವುದನ್ನು ಯಾವತ್ತು ತೆಗೆದ ಎನ್ನುವ ಪಟ್ಟಿ ಲಗತ್ತಿಸಿದೆ. ನನ್ನ ಹೆಸರು ಹಾಕಲಿಲ್ಲ.

ಆ ಪಟ್ಟಿಯಲ್ಲಿ ಅವನ ಹೆಸರು ಇರುವುದು ನನ್ನ ತಪ್ಪಲ್ಲ. ಪ್ರತಿ ಸಾಲಿಗೂ ಅವನೇ ಸಹಿ ಹಾಕಿದ್ದಾನೆ.

ಜನ ಗಲಾಟೆ ಮಾಡಿದರೆ ನಿರ್ದೇಶಕರು ಬಿಡುಗಡೆ ಮುಂದೂಡುತ್ತಾರೆ. ಮುಂದೂಡಿದರೆ ನೀರು ವಾಪಸ್ಸು ಬರುತ್ತದೆ. ನನಗೆ ಬೇಕಾದದ್ದು ಅಷ್ಟೆ. ಬರುವಾಗ ಅಕ್ಕನಿಗೆ ಹೊಸ ಚಪ್ಪಲಿ ತಂದೆ. ಬಹಳ ದಿನದ ಮೇಲೆ ಹಗುರಾಗಿದ್ದೇನೆ.

ಏಪ್ರಿಲ್ 2, ಬುಧವಾರ

ನಾನು ಕಳಿಸಿದ್ದು ವಿಡಿಯೋ ಆಗಿ ಬಂತು! ಒಂದೇ ದಿನದಲ್ಲಿ ಇಪ್ಪತ್ತು ಲಕ್ಷ ಜನ ನೋಡಿದ್ದಾರೆ. ನನ್ನ ಬೀದಿಯನ್ನು ಎಷ್ಟು ಹೊಗಳಿದ್ದಾರೆಂದರೆ ಓದುತ್ತ ಕಣ್ಣು ತುಂಬಿತು. "ಈ ಬೆಳಕನ್ನು ಕೊಂದವನು ಯಾರು?" ಎಂದು ಒಬ್ಬ ಕೇಳಿದ್ದಾನೆ. ಪಟ್ಟಿಯನ್ನು ದೊಡ್ಡದು ಮಾಡಿ ಹೆಸರಿನ ಸುತ್ತ ಕೆಂಪು ವೃತ್ತ ಎಳೆದವರು ಸಾವಿರಾರು.

ಆಫೀಸಿನಲ್ಲಿ ಯಾರು ಕಳಿಸಿದರೆಂದು ಗುಸುಗುಸು. ನಾನೂ ಎಲ್ಲರಂತೆ ಹುಬ್ಬೇರಿಸಿದೆ. ಕತ್ತರಿ ಇಡೀ ದಿನ ಕುರ್ಚಿಯಿಂದ ಏಳಲಿಲ್ಲ.

ಏಪ್ರಿಲ್ 8, ಮಂಗಳವಾರ

ಬಿಡುಗಡೆ ಮುಂದೂಡುವುದಿಲ್ಲವಂತೆ. ಬದಲಿಗೆ ನಿರ್ದೇಶಕರು ಒಂದು ಹೇಳಿಕೆ ಕೊಟ್ಟು ಕೈತೊಳೆದುಕೊಂಡಿದ್ದಾರೆ: "ಇವು ತಾಂತ್ರಿಕ ವಿಭಾಗದ ನಿರ್ಧಾರಗಳು. ಪರಿಶೀಲಿಸುತ್ತಿದ್ದೇವೆ." ತಾಂತ್ರಿಕ ವಿಭಾಗ ಎಂದರೆ ಒಬ್ಬನೇ ಎಂದು ಈಗ ಎಲ್ಲರಿಗೂ ಗೊತ್ತು.

ಜನ ಅವನ ಫೋಟೋ ಹುಡುಕಿ ತೆಗೆದಿದ್ದಾರೆ. ಹೆಂಡತಿಯ ಜೆರಾಕ್ಸ್ ಅಂಗಡಿಯ ವಿಳಾಸವೂ ಸಿಕ್ಕಿದೆ. ದಿನಕ್ಕೆ ನೂರಾರು ಫೋನಂತೆ. ನಿನ್ನೆ ಯಾರೋ ಅಂಗಡಿಯ ಶಟರಿನ ಮೇಲೆ ಬಣ್ಣದಲ್ಲಿ ಆಳೆತ್ತರದ ಕತ್ತರಿ ಬರೆದು ಹೋಗಿದ್ದಾರೆ. ಪಕ್ಕದ ಮೇಜಿನವಳು ಅದರ ಚಿತ್ರ ತೋರಿಸಿ, "ಕತ್ತರಿ ಅಂತ ಹೆಸರಿಟ್ಟೋರು ಯಾರೋ? ನಮ್ಮಲ್ಲಿ ಯಾರೂ ಹಾಗೆ ಕರೆದಿದ್ದು ನಾನು ಕೇಳೇ ಇಲ್ಲ," ಎಂದಳು.

ನಾನೇನು ಬಣ್ಣದ ಡಬ್ಬಿ ಹಿಡಿದುಕೊಂಡು ಹೋಗಿದ್ದೆನೇ? ಮಾಡುವ ಪುಂಡರು ಮಾಡುತ್ತಾರೆ. ಇವತ್ತು ತಲೆನೋವು.

ಏಪ್ರಿಲ್ 10, ಗುರುವಾರ

ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದಾಗ ಅವನು ನನ್ನ ಮೇಜಿಗೆ ಬಂದ. ಗೊತ್ತಾಗಿಬಿಟ್ಟಿದೆ ಎಂದುಕೊಂಡೆ. ಬಯ್ದರೆ ತಿರುಗಿಸಿ ಬಯ್ಯಲು ಎರಡು ಮಾತು ಸಿದ್ಧ ಮಾಡಿಕೊಂಡೆ.

"ಒಂದು ದಾರಿ ಸಿಕ್ಕಿದೆ ಮೇಡಂ," ಎಂದ. "ಆಡೋರ ಕಾಲ ಹತ್ತಿರದ ನೀರಲ್ಲಿ ಮಾತ್ರ ದೀಪ ಕಾಣೋ ಹಾಗೆ ಮಾಡಬಹುದು. ದೂರದ್ದು ಬರೀ ಬಣ್ಣ. ಆ ಬಣ್ಣ ನೀವು ಹಾಕ್ಬೇಕು, ನನಗೆ ಗೊತ್ತಾಗಲ್ಲ. ಮೂವತ್ತಕ್ಕೆ ಧಕ್ಕೆ ಬರಲ್ಲ."

ಕಣ್ಣಿನ ಕೆಳಗೆ ಕಪ್ಪಾಗಿತ್ತು. ಆದರೂ ನೀರಿನ ವಿಷಯ ಹೇಳುವಾಗ ಕೈ ಆಡುತ್ತಿತ್ತು.

"ಇನ್ನೊಂದು ಕೇಳ್ಬೇಕಿತ್ತು. ಆ ವಿಡಿಯೋದ ಮೂಲ ಫೈಲು ನಿಮ್ಮ ಹತ್ರ ಇದ್ರೆ ಒಂದ್ಸಲ ತೆಗೀತೀರಾ? ಎಂಟು ತಿಂಗಳಿಂದ ಹುಡುಕ್ತಿದೀನಿ. ಅಷ್ಟೆಲ್ಲ ಇಟ್ಕೊಂಡು ಆ ಮಷೀನಲ್ಲಿ ಮೂವತ್ತು ಹೇಗೆ ಬರ್ತಿತ್ತು? ನೀವು ಮಾಡಿದ್ರಿ. ನನ್ನ ಕೈಲಿ ಆಗ್ತಿಲ್ಲ. ನನಗೆ ಎಲ್ಲೋ ಕೆಲಸ ಬರಲ್ಲ ಅನ್ನೋದು ಗೊತ್ತಾಗಿದೆ, ಎಲ್ಲಿ ಅಂತ ಗೊತ್ತಾಗ್ತಿಲ್ಲ."

ಹಳೆಯ ಡಿಸ್ಕ್ ಹಾಳಾಗಿದೆ ಎಂದೆ. ಪರವಾಗಿಲ್ಲ ಮೇಡಂ ಎಂದು ಹೋದರು.

ಡಿಸ್ಕ್ ಚೆನ್ನಾಗಿದೆ. ನನ್ನ ಮೇಜಿನ ಕೆಳಗಿನ ಖಾನೆಯಲ್ಲಿದೆ.

ಇಲ್ಲಿ ಬರೆದರೆ ಯಾರೂ ಓದುವುದಿಲ್ಲ, ಬರೆಯುತ್ತೇನೆ. ಆ ವಿಡಿಯೋ ಆಟವೇ ಆಗಿರಲಿಲ್ಲ. ಪ್ರದರ್ಶನಕ್ಕೆ ಮೂರು ವಾರ ಇದ್ದಾಗ ನಿರ್ದೇಶಕರು ನನ್ನನ್ನು ಕರೆದು, "ಜನ ಅದನ್ನ ಆಡಲ್ಲಮ್ಮ, ನೋಡ್ತಾರೆ ಅಷ್ಟೆ. ಕಣ್ಣು ಕುಕ್ಕೋ ಹಾಗಿರ್ಲಿ," ಎಂದಿದ್ದರು. ಒಟ್ಟು ನಾಲ್ಕು ಸಾವಿರದ ಎಂಟುನೂರು ಚಿತ್ರ. ಆಫೀಸಿನ ದೊಡ್ಡ ಕಂಪ್ಯೂಟರು ಒಂದೊಂದನ್ನು ಬಿಡಿಸಲು ನಾಲ್ಕು ನಿಮಿಷ ತೆಗೆದುಕೊಂಡಿತು. ಹದಿಮೂರು ದಿನ ಎಡೆಬಿಡದೆ ಓಡಿತು. ಆಮೇಲೆ ಅದರ ಮೇಲೆ ನಾನು ಕೈಯಾರೆ ಬಿಸಿಲು ಬಳಿದೆ. ಸೆಕೆಂಡಿಗೆ ಮೂವತ್ತಲ್ಲ, ನಾಲ್ಕು ನಿಮಿಷಕ್ಕೆ ಒಂದು. ಕ್ಯಾಮೆರಾ ಹೋಗುವ ದಾರಿ ಬಿಟ್ಟರೆ ಅಲ್ಲಿ ಬೀದಿಯೇ ಇಲ್ಲ. ಅಂಗಡಿಗಳಿಗೆ ಮುಂಭಾಗ ಮಾತ್ರ ಇದೆ.

ಎಲ್ಲ ಕಂಪನಿಯವರೂ ಮಾಡುತ್ತಾರೆ. ನಾನೊಬ್ಬಳೇ ಅಲ್ಲ.

ಏಪ್ರಿಲ್ 14, ಸೋಮವಾರ

ನಿರ್ದೇಶಕರ ಕೋಣೆ. ಬಾಗಿಲು ಹಾಕಿಸಿದರು, ಟೀ ತರಿಸಿದರು. ಬಿಡುಗಡೆಯ ದಿನಕ್ಕೆ ನನ್ನದೊಂದು ಸಂದರ್ಶನ ಬೇಕಂತೆ. ವಿಡಿಯೋ ನಿಜವಾದ ಮಷೀನಿನಲ್ಲೇ ಓಡುತ್ತಿತ್ತು, ಆಮೇಲೆ ತಾಂತ್ರಿಕ ನಿರ್ಧಾರಗಳಿಂದ ಬದಲಾಯಿತು ಎನ್ನಬೇಕು. ಮುಂದಿನ ಆಟಕ್ಕೆ ಕಲಾ ವಿಭಾಗದ ಮುಖ್ಯಸ್ಥೆ ನಾನೇ.

"ಅವರ ಗತಿ?" ಎಂದೆ.

"ಮನೇಲಿರಿ ಅಂತ ಇವತ್ತೇ ಹೇಳಿದೀನಿ. ಅವನ ಒಳ್ಳೇದಕ್ಕೇ," ಎಂದರು.

ಹೊರಗೆ ಬಂದಾಗ ಆ ಕುರ್ಚಿ ಖಾಲಿ. ನನ್ನ ಕಂಪ್ಯೂಟರಿಗೆ ಕಾಲ ಹತ್ತಿರದ ನೀರಿನ ಫೈಲು ಬಂದಿತ್ತು, ಎಲ್ಲೆಲ್ಲಿ ಬಣ್ಣ ಬೇಕೆಂದು ಗುರುತು ಹಾಕಿ. ಹೊರಡುವ ಮುಂಚೆ ಕಳಿಸಿ ಹೋಗಿದ್ದರು. ಬಣ್ಣ ಹಾಕಿದೆ. ಚೆನ್ನಾಗಿ ಬಂತು. ಅದಕ್ಕೂ ಸಿಟ್ಟು ಬಂತು.

ಏಪ್ರಿಲ್ 16, ಬುಧವಾರ

ಸಂದರ್ಶನ ಮುಗಿಯಿತು. ಹೌದು ಎಂದೆ. ನಗು ಸಾಲದು ಎಂದು ಮೂರು ಸಲ ಹೇಳಿಸಿದರು.

ಏಪ್ರಿಲ್ 19, ಶನಿವಾರ

ಅಕ್ಕನ ಜೊತೆ ಜಗಳ. ಇಂಥ ಜಗಳ ಅಪ್ಪ ಹೋದ ವರ್ಷ ಆಗಿತ್ತು, ಆಮೇಲೆ ಇವತ್ತೇ.

ಅವಳಿಗೆ ಈ ವಾರದಿಂದ ಬೇರೆ ರೂಟು ಕೊಟ್ಟಿದ್ದಾರೆ. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಪಕ್ಕದ ಜೆರಾಕ್ಸ್ ಅಂಗಡಿಯ ಮುಂದೆ ಒಬ್ಬ ಹೆಂಗಸು ಥಿನ್ನರ್ ಹಾಕಿ ಶಟರು ಉಜ್ಜುತ್ತಿದ್ದಳಂತೆ.

"ಒಂದು ಸಲ ಉಜ್ಜಿ ತೆಗೆದಿದ್ರಂತೆ, ಮತ್ತೆ ಬರೆದಿದಾರೆ. ಕಂಡಕ್ಟರ್ ಹೇಳ್ದ. ಕತ್ತರಿ ಚಿತ್ರ," ಎಂದು ನನ್ನ ಮುಖ ನೋಡಿದಳು. "ಆ ಹೆಸರು ನಾನು ಈ ಮನೇಲಿ ಬಿಟ್ರೆ ಎಲ್ಲೂ ಕೇಳಿಲ್ಲ ಕಣೇ."

"ಎಷ್ಟೋ ಜನಕ್ಕೆ ಹೊಳೆಯೋ ಹೆಸರು ಅದು."

"ನೀನಾ?"

ನನಗೆ ಸುಳ್ಳು ಹೇಳಲು ಬರುತ್ತದೆ. ಆದರೆ ಅವಳ ಮುಂದೆ ಆಗಲಿಲ್ಲ. ಬರೀ ಚಿತ್ರ ಕಳಿಸಿದ್ದು ಎಂದೆ. ಜನ ಹೀಗೆ ಮಾಡುತ್ತಾರೆಂದು ನನಗೇನು ಕನಸು ಬಿದ್ದಿತ್ತೇ ಎಂದೆ. ಅವನು ನನ್ನ ಎರಡು ವರ್ಷದ ಕೆಲಸ ಹಾಳು ಮಾಡಿದ ಎಂದು ಕಿರುಚಿದೆ.

"ಹಾಳು ಮಾಡಿದ್ನಾ?"

ಆಗ ಎಲ್ಲವನ್ನೂ ಹೇಳಬೇಕಾಯಿತು. ವಿಡಿಯೋ, ಹದಿಮೂರು ದಿನ, ಸಂದರ್ಶನ. ಕೇಳಿ ಮುಗಿಸಿ ಅವಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ಇಪ್ಪತ್ತೆರಡು ವರ್ಷ ಬಸ್ ಓಡ್ಸಿದೀನಿ. ಎರಡು ಸಲ ಗುದ್ದಿದೀನಿ," ಎಂದಳು. "ಎರಡು ಸಲಾನೂ ಕೆಳಗಿಳಿದೆ. ಜನ ಹೊಡೆದ್ರು, ಹೊಡೆಸ್ಕೊಂಡೆ. ಇಳೀದೆ ಹೋಗೋರನ್ನೂ ನೋಡಿದೀನಿ. ನನ್ನ ತಂಗಿ ಅಂಥೋಳು ಅಂದ್ಕೊಂಡಿರ್ಲಿಲ್ಲ."

"ನೀನು ಬಸ್ಸು ಓಡಿಸ್ಕೊಂಡಿರು. ನನಗೆ ಬುದ್ಧಿ ಹೇಳ್ಬೇಡ," ಎಂದೆ.

ಎದ್ದು ಹೋದಳು. ಬಾಗಿಲು ಬಡಿಯಲಿಲ್ಲ, ಮೆತ್ತಗೆ ಹಾಕಿಕೊಂಡಳು.

ಏಪ್ರಿಲ್ 20, ಭಾನುವಾರ

ಅವಳು ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಏಪ್ರಿಲ್ 21, ಸೋಮವಾರ

ಬೆಳಿಗ್ಗೆ ಒಂಬತ್ತಕ್ಕೆ ನಿರ್ದೇಶಕರ ಬಾಗಿಲ ಮುಂದೆ ನಿಂತಿದ್ದೆ. ಸಂದರ್ಶನ ಹಾಕಬೇಡಿ ಎಂದೆ.

"ನಾಳೆ ಬಿಡುಗಡೆ. ತಮಾಷೆ ಮಾಡ್ತಿದೀಯಾ?" ನನಗೆ ಅವರು ಏಕವಚನ ಬಳಸಿದ್ದು ಇದೇ ಮೊದಲು.

"ಅವರ ಮೇಲೆ ಹೊರಿಸ್ಬೇಡಿ ಸಾರ್. ವಿಡಿಯೋ ಮಾಡಿದ್ದು ನಾನು, ಮಾಡಿಸಿದ್ದು ನೀವು."

"ಹೋಗಿ ಕೆಲಸ ನೋಡು. ನಿನ್ನ ಬಾಯಿಂದ ಹೌದು ಅಂತ ಬಂದಿರೋದು ನನ್ನ ಹತ್ರ ಇದೆ. ಮೂರು ಸಲ."

ಮೇಜಿಗೆ ಬಂದು ಕೆಳಗಿನ ಖಾನೆಯಿಂದ ಡಿಸ್ಕ್ ತೆಗೆದೆ. ಸುತ್ತ ಎಲ್ಲರೂ ಇದ್ದರು, ಯಾರೂ ನನ್ನತ್ತ ನೋಡಲಿಲ್ಲ. ಫೈಲು ತೆರೆದು, ಕ್ಯಾಮೆರಾವನ್ನು ಅದರ ದಾರಿಯಿಂದ ಬಿಡಿಸಿ, ಹಾಯಿಬಟ್ಟೆಗಳು ಮುಗಿಯುವ ತಿರುವಿನಲ್ಲಿ ಎಡಕ್ಕೆ ತಿರುಗಿಸಿದೆ. ಬೂದು ಬಣ್ಣದ ಡಬ್ಬಗಳು. ಆಕಾಶವೂ ಇಲ್ಲ. ಒಂದು ನಿಮಿಷ ಹಾಗೇ ರೆಕಾರ್ಡ್ ಮಾಡಿದೆ.

ನನ್ನ ಪೂರ್ತಿ ಹೆಸರು ಹಾಕಿ, ಕೆಳಗೆ ಬರೆದೆ: ನೀವು ನೋಡಿದ ಬೆಳಕು ಆ ಆಟದಲ್ಲಿ ಯಾವತ್ತೂ ಇರಲಿಲ್ಲ. ಅದು ನಾನು ಬಳಿದ ಬಣ್ಣ. ಇಲ್ಲದ್ದನ್ನು ಯಾರೂ ಕತ್ತರಿಸಲು ಆಗುವುದಿಲ್ಲ. ನೀವು ಬಯ್ಯುತ್ತಿರುವವರು ಆಟ ಓಡುವಂತೆ ಮಾಡಿದವರು. ಆ ಚಿತ್ರಗಳನ್ನೂ ಪಟ್ಟಿಯನ್ನೂ ಕಳಿಸಿದವಳು ನಾನು. ಆ ಹೆಸರು ಇಟ್ಟವಳೂ ನಾನೇ. ನಾಳೆ ಬರುವ ಸಂದರ್ಶನದಲ್ಲಿ ನಾನು ಹೇಳಿರುವುದು ಸುಳ್ಳು.

ಹೊಸ ಆಟಗಳ ವಿಡಿಯೋ ಮಾಡುವ ಆ ಮನುಷ್ಯನಿಗೇ ಕಳಿಸಿದೆ.

ಏಪ್ರಿಲ್ 22, ಮಂಗಳವಾರ

ಹನ್ನೊಂದು ಗಂಟೆಗೆ ಕೆಲಸ ಹೋಯಿತು. ಕಾವಲಿನವನು ಪಕ್ಕದಲ್ಲಿ ನಿಂತು ನನ್ನ ಚೀಲ ತಪಾಸಣೆ ಮಾಡಿದ. ಪಕ್ಕದ ಮೇಜಿನವಳು ತಲೆಯೆತ್ತಲಿಲ್ಲ.

ಸಂದರ್ಶನ ಹಾಕಲಿಲ್ಲ. ಆಟ ಬಂತು. ಹಾಡಿ ಹೊಗಳಿದವರಿಲ್ಲ, "ನೋಡಲು ಸಾಧಾರಣ, ಆದರೆ ಎಲ್ಲೂ ತಡವರಿಸುವುದಿಲ್ಲ" ಎಂದು ಬರೆಯುತ್ತಿದ್ದಾರೆ.

ನನಗೆ ಬಂದ ಸಂದೇಶಗಳು ಸಂಜೆ ಐದಕ್ಕೆ ನಾಲ್ಕು ಸಾವಿರ ದಾಟಿದವು. ಸುಳ್ಳಿ, ಹಾದರಗಿತ್ತಿ, ಸಾಯಿ, ನಿನ್ನ ಮನೆ ಗೊತ್ತು. ಕೆಲವರು ಹೋದ ವಾರ ಅವರನ್ನು ಬಯ್ದವರೇ. ಅವೇ ಪದಗಳು, ಕಾಗುಣಿತದ ತಪ್ಪೂ ಅವೇ. ಮೊದಲ ನೂರು ಓದಿದೆ. ಆಮೇಲೆ ಅಕ್ಕ ಬಂದು ಫೋನು ಕಸಿದುಕೊಂಡು ಅಡುಗೆಮನೆಯ ಡಬ್ಬಿಯಲ್ಲಿ ಹಾಕಿದಳು.

"ಬಾಗಿಲಿಗೆ ಚಿಲಕ ಹಾಕು. ಎರಡು ದಿನ ನಾನು ರಜೆ ಹಾಕಿದೀನಿ," ಎಂದಳು. ಶನಿವಾರದ ಮೇಲೆ ಮೊದಲ ಮಾತು.

ಮೇ 6, ಮಂಗಳವಾರ

ಇವತ್ತು ಆ ಅಂಗಡಿಗೆ ಹೋದೆ. ಹದಿನೈದು ದಿನದಿಂದ ಹೋಗುವೆನೆಂದು ಚಪ್ಪಲಿ ಹಾಕಿಕೊಂಡು, ಬಿಚ್ಚಿ ಇಡುತ್ತಿದ್ದೆ.

ಶಟರಿಗೆ ಹೊಸ ಬಣ್ಣ ಬಳಿದಿದ್ದಾರೆ, ನೀಲಿ. ಒಳಗೆ ಎರಡು ಜೆರಾಕ್ಸ್ ಮಷೀನು, ಪುಸ್ತಕಕ್ಕೆ ಬೈಂಡ್ ಹಾಕುವ ಒಂದು ಯಂತ್ರ. ಅವರ ಹೆಂಡತಿ ಕೌಂಟರಿನಲ್ಲಿದ್ದರು. ಗಂಡ ಹಿಂದೆ ಕೂತು ಕಾಗದ ಜೋಡಿಸುತ್ತಿದ್ದರು. ಸ್ಟುಡಿಯೋದವರು ವಾಪಸ್ಸು ಕರೆದಿದ್ದರಂತೆ, ಇವರೇ ಹೋಗಲಿಲ್ಲವಂತೆ. ಇದು ಪಕ್ಕದ ಮೇಜಿನವಳಿಂದ ತಿಳಿದದ್ದು. ಅವಳು ಕದ್ದುಮುಚ್ಚಿ ಫೋನು ಮಾಡುತ್ತಾಳೆ.

ನನ್ನನ್ನು ನೋಡಿ ಎದ್ದು ಬಂದರು. ಕನ್ನಡಕ ಒರೆಸಿಕೊಳ್ಳಲಿಲ್ಲ.

"ಜನರಿಂದ ಬಯ್ಸಿದ್ದಕ್ಕೆ, ಅಂಗಡಿಗೆ ಹೀಗಾಗಿದ್ದಕ್ಕೆ ಕ್ಷಮೆ ಕೇಳೋಕೆ ಬಂದೆ," ಎಂದೆ. ದಾರಿಯಲ್ಲಿ ಹತ್ತು ಸಲ ಹೇಳಿಕೊಂಡು ಬಂದಿದ್ದೆ.

"ಅದು ಮೂರು ವಾರ ಮೇಡಂ," ಎಂದರು. "ಬಯ್ದ್ರು, ಬಿಟ್ರು. ಶಟರಿಗೆ ಬಣ್ಣ ಹೊಡೆಸಿದ್ವಿ."

ಕೈಯಲ್ಲಿದ್ದ ಕಾಗದಗಳನ್ನು ಕೌಂಟರಿನ ಮೇಲೆ ಕುಟ್ಟಿ ಅಂಚು ಸಮ ಮಾಡಿದರು.

"ನಾನು ಅದಕ್ಕೆ ಮುಂಚೆ ಎಂಟು ತಿಂಗಳು ದಿನಾ ನಿಮ್ಮ ಆ ವಿಡಿಯೋ ಹಾಕ್ಕೊಂಡು ಕೂರ್ತಿದ್ದೆ. ಅವರ ಕೈಲಾಗಿದೆ, ನನ್ನ ಕೈಲಾಗ್ತಿಲ್ಲ ಅಂತ. ನನಗೆ ವಿದ್ಯೆ ಇಲ್ಲ ಅಂತ ಇವಳ ಹತ್ರ ಅತ್ತಿದೀನಿ. ನೀವು ಮೂರು ಮೇಜಿನ ಆಚೆ ಕೂತಿರ್ತಿದ್ರಿ. ಒಂದು ಮಾತು ಹೇಳಿದ್ರೆ ಆಗ್ತಿತ್ತು. ಆ ದಿನ ಕೇಳಿದಾಗ್ಲೂ ಡಿಸ್ಕ್ ಹಾಳಾಗಿದೆ ಅಂದ್ರಿ. ಅದಕ್ಕೇನು ಮಾಡೋಣ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಇಷ್ಟು ದಿನ ಇಲ್ಲಿ ಇಷ್ಟೆಲ್ಲ ಬರೆದಿದ್ದೇನೆ, ಅದೊಂದನ್ನು ಬರೆದಿಲ್ಲ.

ಹಿಂದೆ ಯಾರೋ ಅಂಕಪಟ್ಟಿ ಹಿಡಿದುಕೊಂಡು ಬಂದು ನಿಂತರು. "ಗಿರಾಕಿ ಇದಾರೆ, ಸ್ವಲ್ಪ ಪಕ್ಕಕ್ಕೆ ಬನ್ನಿ," ಎಂದರು ಅವರ ಹೆಂಡತಿ. ದನಿಯಲ್ಲಿ ಏನೂ ಇರಲಿಲ್ಲ. ಸರಿದೆ. ಕೈಯಲ್ಲಿದ್ದ ಕಾಗದ ಬದಿಗಿಟ್ಟು ಅವರು ಅಂಕಪಟ್ಟಿ ತೆಗೆದುಕೊಂಡು ಮಷೀನಿನ ಮುಚ್ಚಳ ಎತ್ತಿದರು.

ಬಸ್‌ಸ್ಟಾಪಿನಲ್ಲಿ ಮೂರು ಬಸ್ಸು ಬಿಟ್ಟು ನಾಲ್ಕನೆಯದಕ್ಕೆ ಹತ್ತಿದೆ. ಅದು ಅಕ್ಕನದು.

ಕನ್ನಡಿಯಲ್ಲಿ ನನ್ನನ್ನು ನೋಡಿ, "ಏನಂದ್ರು?" ಎಂದಳು.

"ಸರಿಯಾಗೇ ಅಂದ್ರು."

"ಕ್ಷಮಿಸಿದ್ರಾ?"

"ಇಲ್ಲ."

"ಕೂತ್ಕೋ," ಎಂದು ಬಸ್ಸು ಹೊರಡಿಸಿದಳು.